ಮನೆಯಲ್ಲಿ ಕರೆಯದ ಹೆಸರು

ಪುಟ್ಟಿ ತನ್ನ ಹೆಸರು ಬದಲಾಯಿಸಿಕೊಳ್ಳುತ್ತೇನೆ ಎಂದು ಹೇಳಿದ್ದು ಬೆಳಗಿನ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ. ಅದೂ ಹೇಗೆ, ನಾಳೆಯಿಂದ ಬೇರೆ ಚಪ್ಪಲಿ ಹಾಕಿಕೊಳ್ಳುತ್ತೇನೆ ಎನ್ನುವಷ್ಟು ಸಲೀಸಾಗಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ತುಳಿಯುತ್ತಿದ್ದ ಅಜ್ಜಿಯ ಕಾಲು ಗಕ್ಕನೆ ನಿಂತಿತು. ಆ ಮಿಷನ್ನು ನಿಂತರೆ ಮನೆಯಲ್ಲಿ ಎಲ್ಲರ ಕಿವಿಯೂ ನೆಟ್ಟಗಾಗುತ್ತದೆ. ಬೈಯುವಾಗಲೂ ಅಳುವಾಗಲೂ ಅದನ್ನು ನಿಲ್ಲಿಸಿದವಳಲ್ಲ ಅವಳು. ಉದ್ದದ ಪ್ಯಾಂಟು ಗಿಡ್ಡ ಮಾಡಿಸುವವರು, ಮೈ ಬಂದು ಕೋಟು ಬಿಗಿಯಾದವರು, ಹರಿದ ಪರದೆ ಹಿಡಿದು ಬರುವವರು, ಎಲ್ಲರಿಗೂ ಅವಳು ಮಿಷನ್ನಜ್ಜಿ.

"ಏನಂದೆ?" ಎಂದಳು ಅಜ್ಜಿ.

"ಹೆಸರು ಬದಲಾಯಿಸ್ಕೋತೀನಿ ಅಂದೆ. ಮುಂದಿನ ತಿಂಗಳು ಕೆಲಸ ಖಾಯಂ ಆಗತ್ತೆ. ಓವರಾಲ್ ಜೇಬಿನ ಮೇಲೆ ಹೆಸರು ಹೊಲಿದು ಕೊಡ್ತಾರೆ. ಆ ಹೆಸರನ್ನ ಎದೆ ಮೇಲೆ ಹೊತ್ಕೊಂಡು ಗ್ರೀಸ್ ಬಳ್ಕೊಳ್ಳಕ್ಕೆ ನನ್ನಿಂದಾಗಲ್ಲ ಅಜ್ಜಿ."

ಆ ಹೆಸರು ಎಂದರೆ ಮಹಾರಾಣಿ. ಹಿಂದೆ ಒಂದು ಅಕ್ಷರವಿಲ್ಲ, ಮುಂದೆ ಒಂದು ಅಕ್ಷರವಿಲ್ಲ, ಬರೀ ಮಹಾರಾಣಿ. ಹುಟ್ಟಿದ ವಾರದಲ್ಲೇ ಅಜ್ಜಿ ಇಟ್ಟದ್ದು. ಮನೆಯಲ್ಲಿ ಅವಳು ಪುಟ್ಟಿ, ಶಾಲೆಯಿಂದ ಹಿಡಿದು ಈಗಿನ ಬಸ್ ಡಿಪೋದವರೆಗೆ ಉಳಿದೆಲ್ಲ ಕಡೆ ಮಹಾರಾಣಿ. ಡಿಪೋದಲ್ಲಿ ಅವಳು ಮೆಕ್ಯಾನಿಕ್ ಕೆಲಸ ಕಲಿಯುತ್ತಿದ್ದಳು. ಅಷ್ಟು ದೊಡ್ಡ ಷೆಡ್ಡಿನಲ್ಲಿ ಸ್ಪ್ಯಾನರ್ ಹಿಡಿದ ಹೆಣ್ಣು ಅವಳೊಬ್ಬಳೇ. ಹೆಣ್ಣು ಎಂಬುದಕ್ಕೆ ಅವರು ಹೇಗೋ ಒಗ್ಗಿಕೊಂಡಿದ್ದರು, ಹೆಸರಿಗೆ ಮಾತ್ರ ಒಗ್ಗಿರಲಿಲ್ಲ. ಬೆಳಗ್ಗೆ ಹೋದೊಡನೆ ಯಾರಾದರೊಬ್ಬರು ದಾರಿ ಬಿಡಿ ದಾರಿ ಬಿಡಿ ಎನ್ನುವರು. ಟೈರು ಉರುಳಿಸಿಕೊಂಡು ಹೋದರೆ ಮಹಾರಾಣಿಯವರ ರಥದ ಚಕ್ರ ಎನ್ನುವರು. ಇಷ್ಟನ್ನೂ ಪುಟ್ಟಿ ಅದೇ ಬ್ರೆಡ್ಡು ಅಗಿಯುತ್ತಾ ಹೇಳಿ, ಕೈ ತೊಳೆದು, ಸೈಕಲ್ಲು ಹತ್ತಿ ಹೊರಟೇಹೋದಳು.

ಬೇಕರಿಯಲ್ಲಿ ಹಿಟ್ಟು ನಾದುವ ಅವಳಪ್ಪ ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದ. ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಸ್ನಾನದ ಮನೆ ಸೇರಿಕೊಂಡ. ಇಬ್ಬರ ನಡುವೆ ತಾನೂ ನಾದಿಸಿಕೊಂಡು ಅಭ್ಯಾಸವಿದ್ದ ಮನುಷ್ಯ, ಬಾಗಿಲು ಯಾವಾಗ ಹಾಕಿಕೊಳ್ಳಬೇಕು ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತು.

ಅಂದಿನಿಂದ ಅಜ್ಜಿ ಊಟದ ಮೇಜಿಗೆ ಬರುವುದನ್ನು ಬಿಟ್ಟಳು. ಉಪವಾಸ ಗಿಪವಾಸ ಎಂದು ನಾಟಕ ಮಾಡುವ ಜಾಯಮಾನ ಅವಳದ್ದಲ್ಲ, ಹೊಟ್ಟೆ ತುಂಬಾ ತಿಂದಳು. ಆದರೆ ತಟ್ಟೆಯನ್ನು ಮಿಷನ್ನಿನ ಹಲಗೆಯ ಮೇಲಿಟ್ಟುಕೊಂಡು, ಎಲ್ಲರಿಗೂ ಬೆನ್ನು ಮಾಡಿ ತಿಂದಳು. ಬೇಳೆ ಬಡಿಸಲು ಬಂದ ಸೊಸೆ, ಅತ್ತೆ, ಹಲಗೆ ಮೇಲೆ ಉಂಡರೆ ಗಿರಾಕಿಗಳ ಬಟ್ಟೆಗೆ ಕಲೆ ಆಗತ್ತೆ ಎಂದರೆ, ಹಲಗೆ ನಂದು, ಗಿರಾಕಿ ನಂದು, ಕಲೆನೂ ನಂದೇ ಎಂದು ಉತ್ತರ ಬಂತು. ಸೊಸೆ ಆಸ್ಪತ್ರೆಯ ಅಡುಗೆಮನೆಯಲ್ಲಿ ದಿನವೂ ನೂರಾರು ತಟ್ಟೆ ತುಂಬುವವಳು. ಊಟದ ಮೇಲೆ ಮುನಿಸು ತೋರಿಸುವವರನ್ನು ಕಂಡರೆ ಅವಳಿಗೆ ಆಗದು. ಸೌಟನ್ನು ಪಾತ್ರೆಗೆ ಬಡಿದೇ ಇಟ್ಟಳು.

ಅವಳ ಒಳಗೂ ಒಂದು ಹಳೆಯ ಮುಳ್ಳಿತ್ತು. ಹೆತ್ತು ಮಲಗಿದ್ದಾಗ ಮಗುವಿಗೆ ಬೇರೆ ಹೆಸರು ಯೋಚಿಸಿಟ್ಟುಕೊಂಡಿದ್ದಳು, ಪುಟ್ಟದೊಂದು ಹೆಸರು. ಅದನ್ನು ಜನನ ನೋಂದಣಿ ಕಚೇರಿಯಲ್ಲಿ ಬರೆಸಿಕೊಂಡು ಬಾ ಎಂದು ಗಂಡನನ್ನು ಕಳಿಸಿದರೆ, ಅವನು ದಾರಿಯಲ್ಲಿ ತಾಯಿಗೆ ಹೇಳಿ, ತಾಯಿ ಅವನನ್ನು ಬೆಂಚಿನ ಮೇಲೆ ಕೂರಿಸಿ ತಾನೇ ಒಳಗೆ ಹೋಗಿ ಮಹಾರಾಣಿ ಎಂದು ಬರೆಸಿ ಬಂದಿದ್ದಳು. ಇಪ್ಪತ್ತೊಂದು ವರ್ಷದಿಂದ ನುಂಗಿಕೊಂಡಿದ್ದ ಆ ಮಾತು ಈಗ ಹೊರಗೆ ಬಂತು.

"ಹೆತ್ತೋಳು ನಾನು, ಹೆಸರಿಟ್ಟೋರು ನೀವು. ಈಗ ಅದನ್ನ ಹೊರೋಳು ನನ್ನ ಮಗಳು."

"ಕೆಟ್ಟ ಹೆಸರು ಇಟ್ನಾ ನಾನು?"

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಅಂಥದ್ದು ಇಟ್ರಿ ಅತ್ತೆ. ನಾವೆಲ್ಲಿ, ಆ ಹೆಸರೆಲ್ಲಿ?"

"ಜುಟ್ಟು ನಮ್ಮದೇ ತಾನೆ," ಎಂದಳು ಅಜ್ಜಿ. ಮಿಷನ್ನು ಮತ್ತೆ ಗಡಗಡ ಎಂದಿತು.

ಆ ವಾರದ ಕೊನೆಗೆ ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರು ತಮ್ಮ ಕೋಟಿನ ತೋಳು ಮಡಿಚಿಸಲು ಬಂದರು. ಅಜ್ಜಿಗೆ ದಾರಿಯಲ್ಲಿ ನಿಧಿ ಸಿಕ್ಕ ಹಾಗಾಯಿತು. ಮೇಷ್ಟ್ರನ್ನು ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ, ಚಹಾ ಕೊಡಿಸಿ, ರಜೆಯೆಂದು ಮನೆಯಲ್ಲಿದ್ದ ಪುಟ್ಟಿಗೆ ಕೇಳಿಸುವಂತೆ ಗಟ್ಟಿಯಾಗಿ, ಮಹಾರಾಣಿ ಅನ್ನುವುದರ ಅರ್ಥವೇನು, ಅದು ಬಂದದ್ದೆಲ್ಲಿಂದ, ತಿಳಿದವರು ಹೇಳಬೇಕು ಎಂದಳು. ಮೇಷ್ಟ್ರಿಗೂ ಯಾರಾದರೂ ಪ್ರಶ್ನೆ ಕೇಳಿ ಬಹಳ ಕಾಲವಾಗಿತ್ತು. ಬಟ್ಟಲು ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು.

"ಹಳೇ ಪುಸ್ತಕಗಳಲ್ಲಿ ಅದು ರಾಜ್ಞಿ ಅಂತ ಇರತ್ತೆ. ಜನರ ಬಾಯಿಗೆ ಬಿದ್ದು ಸವೆದೂ ಸವೆದೂ ರಾಣಿ ಆಯ್ತು. ಮಹಾ ಅಂದ್ರೆ ದೊಡ್ಡದು, ಅದು ನಿಮಗೇ ಗೊತ್ತು. ರಾಜನ ಹೆಂಡತೀನೂ ರಾಣಿ, ತಾನೇ ಸಿಂಹಾಸನದ ಮೇಲೆ ಕೂತು ಆಳೋಳೂ ರಾಣಿ."

ಪುಟ್ಟಿ ಅಡುಗೆಮನೆಯ ಬಾಗಿಲಲ್ಲಿ ಆಲೂಗಡ್ಡೆ ಸಿಪ್ಪೆ ಸುಲಿಯುತ್ತಿದ್ದಳು. ಮೇಷ್ಟ್ರೇ, ನಂಗೆ ರಾಜನೂ ಇಲ್ಲ, ಸಿಂಹಾಸನವೂ ಇಲ್ಲ, ಇರೋದು ಒಂದು ಜಾಕು, ಒಂದು ಪೆಟ್ಟಿಗೆ ಸ್ಪ್ಯಾನರು ಎಂದಳು. ಮೇಷ್ಟ್ರು ನಕ್ಕರು. ಬಿರುದನ್ನು ಹೆಸರು ಮಾಡಿಕೊಳ್ಳುವುದು ಹಳೆಯ ರೂಢಿ, ದೊರೆ ಎಂದು ಹೆಸರಿದ್ದವನಿಗೆಲ್ಲ ಅರಮನೆ ಇತ್ತೇನು, ಇದ್ದವರಿಗೆ ಬಿರುದು ಹೇಗೂ ಇರುತ್ತದೆ, ಇಲ್ಲದವರೇ ಅದನ್ನು ಹೆಸರಾಗಿ ಇಟ್ಟುಕೊಳ್ಳಬೇಕಾದದ್ದು ಎಂದರು. ಅಜ್ಜಿ ಗೆದ್ದವಳ ಹಾಗೆ ಸೊಸೆಯ ಕಡೆ ನೋಡಿದಳು. ಮೇಷ್ಟ್ರಿಗೆ ಎರಡನೆಯ ಬಟ್ಟಲು ಚಹಾ ಬಂತು. ಪುಟ್ಟಿ ಮಾತ್ರ, ಇದನ್ನ ಹೋಗಿ ಡಿಪೋದಲ್ಲಿ ಹೇಳಿ ಮೇಷ್ಟ್ರೇ, ಅಲ್ಲಿ ಬೋರ್ಡು ಸೀಮೆಸುಣ್ಣ ಎಲ್ಲ ಇದೆ ಎಂದು ಸಿಪ್ಪೆಗಳನ್ನು ಒಟ್ಟುಮಾಡಿಕೊಂಡು ಒಳಗೆ ಹೋದಳು.

ಮುಂದಿನ ವಾರ ಆಗಬಾರದ್ದು ಆಯಿತು.

ಮಧ್ಯಾಹ್ನ ಸೊಸೆ ಎಂದಿಗಿಂತ ಬೇಗ ಮನೆಗೆ ಬಂದಳು, ಜೊತೆಯಲ್ಲಿ ಪುಟ್ಟಿ. ಮಗಳ ಬಲಗೈಗೆ ಮೊಣಕೈಯಿಂದ ಬೆರಳಿನ ತುದಿಯವರೆಗೆ ಬಿಳಿ ಬಟ್ಟೆ ಸುತ್ತಿತ್ತು, ಮುಖದಲ್ಲಿ ರಕ್ತವೇ ಇರಲಿಲ್ಲ. ಬಸ್ಸಿನ ಕೆಳಗಿನ ಗುಂಡಿಯಲ್ಲಿ ನಿಂತು ಫ್ಯಾನ್ ಬೆಲ್ಟು ಬಿಗಿಮಾಡುತ್ತಿದ್ದಾಗ ಯಾರೋ ಮೇಲೆ ಹತ್ತಿ ಎಂಜಿನ್ನು ಚಾಲೂ ಮಾಡಿದ್ದರು. ತೋಳು ಬೆಲ್ಟಿಗೆ ಸಿಕ್ಕಿತು. ಬಟ್ಟೆ ಹಳೆಯದಾಗಿದ್ದರಿಂದ ಹರಿದುಕೊಂಡು ಬಂತು, ಬಟ್ಟೆಯ ಜೊತೆ ಅಷ್ಟು ಚರ್ಮವೂ ಬಂತು. ಮೂಳೆ ಮುರಿದಿರಲಿಲ್ಲ. ಡಿಪೋದವರು ಕರೆತಂದದ್ದು ಅವಳಮ್ಮ ಕೆಲಸ ಮಾಡುವ ಆಸ್ಪತ್ರೆಗೇ. ರೋಗಿಗಳ ತಟ್ಟೆಗೆ ಅನ್ನ ಹಾಕುತ್ತಿದ್ದವಳಿಗೆ, ನಿನ್ನ ಮಗಳು ಬಂದಿದ್ದಾಳೆ ಎಂದು ಯಾರೋ ಹೇಳಿದಾಗ, ಊಟ ಕೊಡೋದಿದೆ, ಕೂತಿರಲಿ ಎಂದಿದ್ದಳಂತೆ. ಅದನ್ನು ನೆನೆಸಿಕೊಂಡೇ ಅವಳು ಅಳುತ್ತಿದ್ದಳು.

ಅಜ್ಜಿ ಅಳಲಿಲ್ಲ. ಮೊಮ್ಮಗಳನ್ನು ತನ್ನ ಹಾಸಿಗೆಯಲ್ಲಿ ಮಲಗಿಸಿ, ಹಾಲು ಕಾಯಿಸಿ, ಎಡಗೈಗೆ ಲೋಟ ಕೊಟ್ಟು ಎದುರಿಗೆ ಕೂತಳು.

ಸಂಜೆ ಡಿಪೋದ ಫೋರ್‌ಮನ್ ಬಂದ. ಅವನ ಹಿಂದೆ ಹೊಸಿಲಾಚೆಯೇ ನಿಂತಿದ್ದವನು ಬಸ್ಸು ಚಾಲೂ ಮಾಡಿದ ಡ್ರೈವರು. ಎರಡು ಕೆನ್ನೆ ತುಂಬುವ ಮೀಸೆ, ಅದಕ್ಕೇ ಡಿಪೋದಲ್ಲೆಲ್ಲ ಅವನು ಮೀಸೆ. ಪುಟ್ಟಿಯ ಹೆಸರಿನ ಮೇಲೆ ಅತಿ ಹೆಚ್ಚು ಹಾಸ್ಯ ಮಾಡುತ್ತಿದ್ದವನೂ ಅವನೇ. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿ, ಕಣ್ಣು ಎಲ್ಲಿತ್ತಪ್ಪಾ, ಮೀಸೆ ಒಳಗೆ ಹೋಗಿತ್ತಾ ಎಂದು ಕೇಳಿದಳು. ಅವನು ತಲೆ ಎತ್ತಲಿಲ್ಲ.

"ಅಜ್ಜಿ, ಬಿಲ್ಲೆ ಖಾಲಿ ಇತ್ತು," ಎಂದ.

ಆ ಮಾತು ಮನೆಯವರಿಗೆ ಅರ್ಥವಾಗಲಿಲ್ಲ. ಫೋರ್‌ಮನ್ ಬಿಡಿಸಿ ಹೇಳಿದ. ಗಾಡಿಯ ಕೆಳಗೆ ಇಳಿಯುವ ಮೆಕ್ಯಾನಿಕ್ಕು ಮೊದಲು ತನ್ನ ಹೆಸರು ಬರೆದ ತಗಡಿನ ಬಿಲ್ಲೆಯನ್ನು ಸ್ಟೇರಿಂಗಿಗೆ ತೂಗುಹಾಕಬೇಕು. ಆ ಹೆಸರು ಅಲ್ಲಿ ತೂಗುತ್ತಿರುವವರೆಗೆ ಡಿಪೋದ ಮ್ಯಾನೇಜರು ಬಂದರೂ ಆ ಗಾಡಿಯ ಕೀಲಿ ಮುಟ್ಟುವ ಹಾಗಿಲ್ಲ. ಗಾಡಿ ಬೇಕಾದವನು ಕೆಳಗೆ ಬಗ್ಗಿ, ಬಿಲ್ಲೆಯ ಮೇಲಿನ ಹೆಸರು ಹಿಡಿದು ಕೂಗಬೇಕು, ಕೆಳಗಿನಿಂದ ಉತ್ತರ ಬರಬೇಕು, ಬಿಲ್ಲೆ ಹಾಕಿದವರೇ ಬಂದು ತೆಗೆಯಬೇಕು. ಅಡ್ಡಹೆಸರು, ಸೀಟಿ, ಚಪ್ಪಾಳೆ ಯಾವುದಕ್ಕೂ ಕೆಳಗಿನವರು ಓಗೊಡಬಾರದು. ಇನ್ನು ಗಾಡಿ ತೊಳೆಯುವವರು ತೊಳೆದಾದ ಮೇಲೆ ಹೆಸರಿಲ್ಲದ ಖಾಲಿ ಬಿಲ್ಲೆ ಹಾಕುತ್ತಾರೆ. ಅದನ್ನು ಕಂಡರೆ ಗಾಡಿ ತಯಾರು, ಹತ್ತಿ ಹೊರಡಬಹುದು ಎಂದು ಲೆಕ್ಕ.

"ನಾನು ಕಂಡಿದ್ದು ಖಾಲಿ ಬಿಲ್ಲೆ," ಎಂದ ಮೀಸೆ. "ಬೇಕಾದ್ರೆ ಹೊಡೀರಿ ಅಜ್ಜಿ, ಆದ್ರೆ ಹೆಸರು ಇರಲಿಲ್ಲ."

ಎಲ್ಲರೂ ಪುಟ್ಟಿಯ ಕಡೆ ತಿರುಗಿದರು. ಅವಳು ಗೋಡೆ ನೋಡುತ್ತಾ, ನಾನೇ ಹಿಂದು ಮುಂದು ಮಾಡಿ ಹಾಕಿದ್ದೆ ಎಂದಳು. ಬಸ್ಸು ಹತ್ತಿದವರೆಲ್ಲ ಆ ಬಿಲ್ಲೆಯನ್ನು ಗಟ್ಟಿಯಾಗಿ ಓದಿ, ಮಹಾರಾಣಿಯವರು ಪಾತಾಳದಲ್ಲಿ ದರ್ಬಾರು ನಡೆಸ್ತಿದ್ದಾರೆ ಎಂದು ಷೆಡ್ಡಿಗೆಲ್ಲ ಕೇಳುವಂತೆ ಕೂಗುವರು. ಕೇಳಿ ಕೇಳಿ ಸಾಕಾಗಿ ಒಂದು ದಿನ ಹೆಸರಿನ ಮುಖವನ್ನು ಸೀಟಿನ ಕಡೆಯಿಂದ ಆಚೆಗೆ ತಿರುಗಿಸಿದ್ದಳು. ಅಂದು ಯಾರೂ ನಗಲಿಲ್ಲ. ಆಮೇಲೆ ದಿನವೂ ಹಾಗೇ ಹಾಕಿದಳು.

ಫೋರ್‌ಮನ್ ಕೆಟ್ಟ ಮನುಷ್ಯನಲ್ಲ, ಆದರೆ ಮಾತು ಕಡ್ಡಿ ಮುರಿದ ಹಾಗೆ. ಕೈ ವಾಸಿಯಾದ ಮೇಲೆ ಪುಟ್ಟಿ ಕೆಲವು ವಾರ ಸ್ಟೋರಿನಲ್ಲಿ ನಟ್ಟು ಬೋಲ್ಟು ವಿಂಗಡಿಸಲಿ, ಖಾಯಂ ಮಾಡುವ ಮಾತು ಆಮೇಲೆ ನೋಡೋಣ ಎಂದ. ಎದ್ದು ನಿಂತು ಅವಳಿಗೆ ನೇರವಾಗಿ ಹೇಳಿದ:

"ಹೆಸರು ನಿಂಗೆ ಇಷ್ಟ ಬಂದಿದ್ದು ಇಟ್ಕೊ ತಾಯಿ. ಅದು ನಂಗೆ ಬೇಡ. ಆದ್ರೆ ಇಟ್ಕೊಂಡಿದ್ದನ್ನ ಎಲ್ಲರಿಗೂ ಕಾಣೋ ಹಾಗೆ ತೂಗಾಕಬೇಕು. ಆ ಧೈರ್ಯ ಇಲ್ಲದೋರನ್ನ ನಾನು ಗಾಡಿ ಕೆಳಗೆ ಬಿಡಲ್ಲ."

ಅವರು ಹೋದ ಮೇಲೆ ಮನೆಯಲ್ಲಿ ಬಿರುಗಾಳಿಯೇ ಎದ್ದಿತು. ಸೊಸೆ ಅತ್ತೆಯ ಎದುರಿಗೆ ಬಂದು ನಿಂತಳು.

"ಸಾಕಾಯ್ತಾ ಅತ್ತೆ? ನೀವಿಟ್ಟ ಹೆಸರು ನನ್ನ ಮಗಳ ಕೈ ನುಂಗ್ತಿತ್ತು."

ಅಮ್ಮಾ ಬಿಡು ಎಂದಳು ಪುಟ್ಟಿ. ಅಪ್ಪನೂ ಈ ಸಲ ಸ್ನಾನದ ಮನೆಗೆ ಹೋಗಲಿಲ್ಲ. ಅಮ್ಮ, ಆ ಹೆಸರೇ ಯಾಕೆ ಬೇಕಿತ್ತು ನಿಂಗೆ, ಇವತ್ತಾದರೂ ಹೇಳು ಎಂದು ತಾಯಿಯನ್ನು ಕೇಳಿದ. ಅಜ್ಜಿ ಯಾರಿಗೂ ಹೇಳದ ಮಾತನ್ನು ಆಗ ಹೇಳಿದಳು, ತಲೆ ತಗ್ಗಿಸದೆ ಹೇಳಿದಳು.

ಅವಳು ಲಂಗ ತೊಡುವ ವಯಸ್ಸಿನಲ್ಲಿ ಒಂದು ದೊಡ್ಡ ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಮನೆಯ ಯಜಮಾನನದು ಮರದ ವ್ಯಾಪಾರ. ಅವನ ಹೆಂಡತಿ ಯಾವ ರಾಜನ ಮಗಳೂ ಅಲ್ಲ, ಆದರೆ ಆಳುಕಾಳುಗಳೆಲ್ಲ ತನ್ನನ್ನು ಮಹಾರಾಣಿಯವರೇ ಎಂದೇ ಕರೆಯಬೇಕೆಂದು ಕಟ್ಟಪ್ಪಣೆ. ಹಾಗೆ ಕರೆಯುವಾಗ ತಲೆ ತಗ್ಗಿರಬೇಕು. ಮರೆತರೆ ಅಂದಿನ ಊಟವಿಲ್ಲ. ಅಜ್ಜಿಯನ್ನಾದರೋ ಅಲ್ಲಿ ಏ ಎನ್ನುತ್ತಿದ್ದರು, ತೀರಾ ಪ್ರೀತಿ ಬಂದರೆ ಏ ಹುಡುಗಿ. ಮದುವೆಯಾಗಿ ಅಲ್ಲಿಂದ ಹೊರಡುವ ದಿನದವರೆಗೂ ಅವಳಿಗೊಂದು ಹೆಸರಿದೆಯೇ ಎಂದು ಆ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ.

"ಆ ಹೆಂಗಸಿಗೆ ಯಾರೂ ಕೊಡಲಿಲ್ಲ ಕಣೋ ಆ ಬಿರುದು. ತಾನೇ ತಗೊಂಡ್ಲು. ಅವಳು ತಗೋಬಹುದಾದ್ರೆ ನಾನ್ಯಾಕೆ ತಗೋಬಾರದು? ನಂಗೆ ಆಗಲೇ ವಯಸ್ಸಾಗಿತ್ತು, ಮೊಮ್ಮಗಳಿಗೆ ಕೊಟ್ಟೆ. ನಾಳೆ ಯಾರ ಕೈ ಕೆಳಗೆ ಹೋದ್ರೂ ಇವಳನ್ನ ಏ ಅನ್ನೋ ಹಾಗಿರಬಾರದು. ಕೆಲಸ ಹೇಳೋಕೂ ಮಹಾರಾಣಿ ಅನ್ಬೇಕು. ಬೈಯೋಕೂ ಮೊದಲು ಮಹಾರಾಣಿ ಅನ್ಬೇಕು."

ಇಷ್ಟು ವರ್ಷ ಒಂದೇ ಒಲೆಯಲ್ಲಿ ಬೇಯಿಸಿದ ಸೊಸೆಗೂ ಈ ಸಂಗತಿ ತಿಳಿದಿರಲಿಲ್ಲ. ಮಾತಾಡಿದವಳು ಪುಟ್ಟಿ. ದನಿ ಎತ್ತಲಿಲ್ಲ.

"ಅಜ್ಜಿ, ನೀನು ಯಾವತ್ತಾದ್ರೂ ನನ್ನ ಆ ಹೆಸರಲ್ಲಿ ಕರೆದಿದೀಯಾ?"

ಅಜ್ಜಿ ಯೋಚಿಸಿದಳು.

"ಯೋಚಿಸಬೇಡ, ಇಲ್ಲ. ನೀನೂ ಕರೆದಿಲ್ಲ, ಅಮ್ಮ ಅಪ್ಪನೂ ಕರೆದಿಲ್ಲ. ನಿಮಗೆಲ್ಲ ನಾನು ಪುಟ್ಟಿ. ಶಾಲೇಲಿ ಲೆಕ್ಕ ತಪ್ಪಾದ್ರೆ ಮಹಾರಾಣಿಯವರಿಗೆ ಪುರುಸೊತ್ತಿರಲಿಲ್ವೋ ಅಂದ್ರು. ಜ್ವರ ಬಂದು ಎರಡು ದಿನ ಹೋಗದಿದ್ರೆ ಮಹಾರಾಣಿ ಸವಾರಿ ಎಲ್ಲಿಗೆ ಹೋಗಿತ್ತು ಅಂದ್ರು. ಪ್ರೀತಿಯಿಂದ ಆ ಹೆಸರನ್ನ ಒಬ್ಬರಾದ್ರೂ ಒಂದು ಸಲ ಕರೆದಿದ್ರೆ ನಂಗೆ ಗೊತ್ತಾಗ್ತಿತ್ತು, ಅದು ಹೆಸರು ಅಂತ. ನಂಗೆ ಅದು ಬೈಗುಳ ಅಂತಲೇ ಗೊತ್ತಿರೋದು."

ಜೀವಮಾನದಲ್ಲಿ ಯಾರ ಮಾತಿಗೂ ಸೋಲದ ಅಜ್ಜಿ ಅಂದು ಆ ಕೂಸಿನ ಮಾತಿಗೆ ಸೋತಳು, ಸೋತದ್ದು ಅವಳಿಗೆ ಗೊತ್ತಾಯಿತು. ತಟ್ಟೆ ಹಿಡಿದು ತಾನಾಗಿಯೇ ಊಟದ ಮೇಜಿಗೆ ಬಂದು ಕೂತಳು. ಮುನಿಸು ಮುಗಿದದ್ದು ಹಾಗೆ, ಯಾರೂ ಕರೆಯದೆ.

ಮಾರನೆಯ ಬೆಳಗ್ಗೆ ಅಜ್ಜಿ ಅಪ್ಪಣೆ ಹೊರಡಿಸಿದಳು. ಹುಡುಗಿ ಹೆಸರು ಬದಲಾಯಿಸಿಕೊಳ್ಳುವುದಾದರೆ ಬದಲಾಯಿಸಿಕೊಳ್ಳಲಿ, ಅದು ಅವಳ ತಲೆ ಅವಳ ಹೆಸರು, ತಾನು ಅಡ್ಡ ಬರುವುದಿಲ್ಲ. ಆದರೆ ಬಿಸಾಕುವ ಮೊದಲು ಆ ಹೆಸರನ್ನು ಈ ಮನೆಯಲ್ಲಿ ನಾಲ್ಕು ದಿನವಾದರೂ ಮನುಷ್ಯರ ಹಾಗೆ ಕರೆಯಬೇಕು, ಒಮ್ಮೆಯೂ ತೊಡದ ಬಟ್ಟೆಯನ್ನು ಚಿಂದಿಗೆ ಹಾಕುವವರುಂಟೇ ಎಂದಳು. ಸೊಸೆ ಮೂಗು ಮುರಿದಳು. ಮಗ ಮಾತ್ರ ಕೂಡಲೇ ಶುರುಮಾಡಿದ. ಬೇಕರಿಯಿಂದ ತಂದ ಬಿಸಿ ಬನ್ನನ್ನು ಮಗಳ ತಟ್ಟೆಗೆ ಹಾಕುತ್ತಾ, ತಗೋ ಮಹಾರಾಣಿ ಎಂದ. ಹೇಳಿದವನಿಗೂ ನಾಚಿಕೆ, ಕೇಳಿದವಳಿಗೂ ನಾಚಿಕೆ. ಇಬ್ಬರೂ ಬನ್ನು ನೋಡಿಕೊಂಡು ನಕ್ಕರು.

ಅಮ್ಮನ ಬಾಯಲ್ಲಿ ಅದು ಬಂದದ್ದು ಆಮೇಲೆ, ಬೈಗುಳವಾಗಿಯೇ. ಒದ್ದೆ ಟವೆಲ್ಲು ಹಾಸಿಗೆಯ ಮೇಲೆ ಬಿದ್ದಿತ್ತು. ಮಹಾರಾಣಿ, ಇದನ್ನ ಯಾರು ಒಣಗಿಸಬೇಕು ಎಂದು ಕೂಗಿದವಳು, ಕೂಗಿದ ಮೇಲೆ ತಾನು ಏನೆಂದೆ ಎಂದು ಹೊಳೆದು ಸೆರಗು ಬಾಯಿಗೆ ಒತ್ತಿಕೊಂಡಳು. ಪುಟ್ಟಿ ಬಿದ್ದು ಬಿದ್ದು ನಕ್ಕಳು. ಅಂದಿನಿಂದ ಸೊಸೆಗೆ ಅದು ಸಲೀಸಾಯಿತು. ಮಹಾರಾಣಿ ಔಷಧ ತಗೊಂಡ್ಯಾ, ಮಹಾರಾಣಿ ಕೈ ನೆನೆಸಬೇಡ, ಮಹಾರಾಣಿ ತಲೆ ಬಾಚ್ತೀನಿ ಬಾ. ಕೈಗೆ ಕಟ್ಟಿದ ಬಟ್ಟೆ ದಿನೇ ದಿನೇ ಸಣ್ಣದಾಯಿತು, ಒಂದು ದಿನ ಪೂರಾ ಬಿಚ್ಚಿದರು. ಗಾಯದ ಜಾಗದಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ ಬಂದಿತ್ತು. ಪುಟ್ಟಿ ಸ್ಟೋರಿನ ಕೆಲಸಕ್ಕೆ ಹೋಗಿಬರತೊಡಗಿದಳು. ಹೆಸರಿನ ವಿಷಯ ಏನು ಮಾಡಿದೆ ಎಂದು ಯಾರೂ ಕೇಳಲಿಲ್ಲ, ಅವಳೂ ಬಾಯಿ ಬಿಡಲಿಲ್ಲ.

ಅಪ್ಪಣೆ ಹೊರಡಿಸಿದ ಅಜ್ಜಿಗೆ ಮಾತ್ರ ಆ ಮಾತು ಬಾಯಿಗೆ ಬರಲಿಲ್ಲ. ಮ ಎನ್ನುವಳು, ಮುಂದಕ್ಕೆ ಹೋಗುತ್ತಿರಲಿಲ್ಲ. ಪುಟ್ಟಿ ಎಂದುಬಿಡುವಳು. ಏನಮ್ಮಾ, ಊರಿಗೆಲ್ಲ ಕಾನೂನು ನಿಂಗಿಲ್ವಾ ಎಂದು ಮಗ ಛೇಡಿಸಿದಾಗ ಅವಳು ಸೂಜಿಗೆ ದಾರ ಪೋಣಿಸುತ್ತಾ ನಿಜ ಹೇಳಿದಳು.

"ಆ ಮಾತು ನಾಲಗೆಗೆ ಬಂದ್ರೆ ಕತ್ತು ತಾನಾಗಿ ಬಗ್ಗತ್ತೆ ಕಣೋ. ಅಷ್ಟು ವರ್ಷ ಬಗ್ಗಿ ಬಗ್ಗಿ ಹೇಳಿದೀನಿ. ನನ್ನ ಮೊಮ್ಮಗಳನ್ನ ಕರೆಯುವಾಗ ಆ ಹೆಂಗಸು ಎದುರಿಗೆ ಬಂದು ನಿಲ್ತಾಳೆ."

ಮಗ ಅವಳ ಕೈಯಿಂದ ಸೂಜಿ ತೆಗೆದುಕೊಂಡು ದಾರ ಪೋಣಿಸಿ ಕೊಟ್ಟ.

ಒಂದು ಸಂಜೆ ಪುಟ್ಟಿ ಹೊಸ ಓವರಾಲ್ ತಂದು ಮಿಷನ್ನಿನ ಮೇಲೆ ಹಾಕಿ, ಕಾಲು ಉದ್ದ ಆಯ್ತು ಅಜ್ಜಿ, ಮಡಿಚಿ ಕೊಡು ಎಂದಳು. ಸ್ಟೋರಿನ ಅವಧಿ ಮುಗಿದಿತ್ತು. ನಾಳೆಯಿಂದ ಮತ್ತೆ ಗಾಡಿ ಕೆಳಗೆ ಎಂದಷ್ಟೇ ಹೇಳಿದಳು. ಜೇಬು ಖಾಲಿ ಇತ್ತು. ಹೆಸರನ್ನು ಡಿಪೋದವರು ಆಮೇಲೆ ಹೊಲಿಯುತ್ತಾರೆ. ಅಜ್ಜಿಯ ಬಳಿ ಕೆಂಪು ದಾರವಿತ್ತು, ಹಳದಿ ದಾರವಿತ್ತು, ಎಂಥ ಅಕ್ಷರವನ್ನಾದರೂ ಹೂವಿನ ಹಾಗೆ ಕೂರಿಸುವ ಕೈಯಿತ್ತು. ಜೇಬಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಕೂತಿದ್ದಳು. ಹಿಂದೊಮ್ಮೆ ಯಾರನ್ನೂ ಕೇಳದೆ ಬರೆಸಿ ಬಂದಿದ್ದಳು, ಮತ್ತೊಮ್ಮೆ ಹಾಗೆ ಮಾಡುವುದು ಬೇಡ. ಕಾಲು ಮಾತ್ರ ಮಡಿಚಿ ಹೊಲಿದಳು. ಅರ್ಧದಲ್ಲಿ ಆ ಬಣ್ಣದ ದಾರ ಮುಗಿದು ಒಂದು ಕಾಲು ಉಳಿಯಿತು. ಬೆಳಗ್ಗೆ ಪುಟ್ಟಿ ಹಳೆಯದನ್ನೇ ಹಾಕಿಕೊಂಡು ಹೋದಳು.

ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಸಿ, ಹೊಸ ಓವರಾಲನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು ಅಜ್ಜಿ ಡಿಪೋಗೆ ನಡೆದಳು. ಹಳೆಯದರ ತೋಳು ಹರಿದಿತ್ತು, ಅದು ಮತ್ತೆ ಬೆಲ್ಟಿಗೆ ಸಿಕ್ಕೀತೆಂಬ ಭಯ ಅವಳಿಗೆ ಬೆಳಗ್ಗೆಯಿಂದಲೂ ಇತ್ತು. ಷೆಡ್ಡಿನ ಒಳಗೆ ಡೀಸೆಲ್ಲಿನ ವಾಸನೆ, ಕಬ್ಬಿಣದ ಸದ್ದು, ಸಾಲಾಗಿ ನಿಂತ ಬಸ್ಸುಗಳು. ಯಾರೋ ಕೈ ತೋರಿಸಿದ ಕಡೆಗೆ ಹೋದರೆ, ಮೂರನೆಯ ಗುಂಡಿಯ ಮೇಲೆ ನಿಂತ ಬಸ್ಸಿನ ಪಕ್ಕದಲ್ಲಿ ಮೀಸೆ ಡ್ರೈವರು ಗಡಿಯಾರ ನೋಡಿಕೊಳ್ಳುತ್ತಾ ನಿಂತಿದ್ದ. ಅಜ್ಜಿಯನ್ನು ಕಂಡವನೇ ಎರಡು ಹೆಜ್ಜೆ ಹಿಂದೆ ಸರಿದ.

"ಪುಟ್ಟಿ ಎಲ್ಲಿ?"

"ಕೆಳಗಿದ್ದಾರೆ ಅಜ್ಜಿ. ನನ್ನ ಗಾಡೀನೇ. ಹೊರಡೋ ಹೊತ್ತು ಮೀರಿದೆ, ಆದ್ರೆ ಇನ್ನೂ ಬಿಟ್ಟಿಲ್ಲ."

ಅಜ್ಜಿ ಡ್ರೈವರಿನ ತೆರೆದ ಬಾಗಿಲಿನಿಂದ ಒಳಗೆ ಕಣ್ಣು ಹಾಯಿಸಿದಳು. ಸ್ಟೇರಿಂಗಿನ ನಡುವೆ ಬಿಲ್ಲೆ ತೂಗುತ್ತಿತ್ತು, ಹೊಚ್ಚಹೊಸದು. ಅಕ್ಷರಗಳು ಸೀಟಿನ ಕಡೆಗೆ ಮುಖ ಮಾಡಿದ್ದವು, ಬೆರಳುದ್ದದ ಬಿಳಿ ಅಕ್ಷರಗಳು, ಕನ್ನಡಕವಿಲ್ಲದೆಯೂ ಓದಬಹುದಿತ್ತು. ಓದಿದಳು. ಚೀಲವನ್ನು ಎದೆಗೆ ಒತ್ತಿಕೊಂಡು ಮತ್ತೊಮ್ಮೆ ಓದಿದಳು. ಕಣ್ಣಿಗೆ ನೀರು ಬಂತು, ಅದನ್ನು ಡೀಸೆಲ್ಲಿನ ಹೊಗೆಯ ತಲೆಗೆ ಕಟ್ಟಿ ಸೆರಗಿನಿಂದ ಒರೆಸಿಕೊಂಡಳು.

"ಪುಟ್ಟೀ," ಎಂದು ಕೂಗಿದಳು. ಕೆಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು ನಿಲ್ಲಲಿಲ್ಲ. ಇನ್ನೊಮ್ಮೆ ಕೂಗಿದಳು. ಸದ್ದು ನಿಂತಿತು, ಆದರೆ ಉತ್ತರ ಬರಲಿಲ್ಲ.

ಮೀಸೆ ಮೆಲ್ಲಗೆ ಹೇಳಿದ, "ಹಾಗೆ ಕೂಗಿದ್ರೆ ಅವರು ಮಾತಾಡಲ್ಲ ಅಜ್ಜಿ. ತೂಗ್ತಿರೋ ಹೆಸರನ್ನೇ ಕೂಗಬೇಕು. ಇಲ್ಲಿ ಎಲ್ಲರಿಗೂ ಅದೇ ಕಾನೂನು."

ಸುತ್ತಲಿನ ಗುಂಡಿಗಳಲ್ಲಿದ್ದವರು, ಟೈರು ಉರುಳಿಸುತ್ತಿದ್ದವರು, ಫೋರ್‌ಮನ್ನೂ ಕೂಡ ಇತ್ತ ತಿರುಗಿದರು. ಆ ದೊಡ್ಡ ಮನೆಯ ಹೆಂಗಸು ಎದುರಿಗೆ ಬರುತ್ತಾಳೇನೋ ಎಂದು ಅಜ್ಜಿ ಕಾದಳು. ಎದುರಿಗಿದ್ದದ್ದು ಬಸ್ಸು ಮಾತ್ರ. ಅವಳು ಬಗ್ಗಲಿಲ್ಲ, ನೆಟ್ಟಗೆ ನಿಂತೇ, ಬೀದಿಯ ತುದಿಗೆ ಕೇಳಿಸುವ ತನ್ನ ದನಿಯಲ್ಲಿ ಕೂಗಿದಳು.

"ಮಹಾರಾಣೀ!"

ಯಾರೂ ನಗಲಿಲ್ಲ. ಗುಂಡಿಯೊಳಗಿಂದ ದನಿ ಬಂತು, ಆತುರವಿಲ್ಲದ, ಕೆಲಸದ ದನಿ.

"ಇನ್ನೂ ಮುಗಿದಿಲ್ಲ ಅಜ್ಜಿ. ಕಾಯಿ."

ಅಜ್ಜಿ ಒಂದು ಟೈರಿನ ಮೇಲೆ ಚೀಲವನ್ನಿಟ್ಟು, ಪಕ್ಕದಲ್ಲೇ ಕೂತು, ಸೀರೆ ಸರಿಮಾಡಿಕೊಂಡಳು. ಮೀಸೆ ಇನ್ನೂ ನಿಂತೇ ಇದ್ದ.

"ಕೇಳಿಸ್ತಲ್ಲಪ್ಪಾ? ಕಾಯ್ಬೇಕಂತೆ," ಎಂದು ಅವನಿಗೂ ಕೂರಲು ಜಾಗ ಬಿಟ್ಟಳು.